ಕಟ್ಟಿದ ದಂಡ, ಮುಗಿಯದ ಪ್ರಕರಣ

ಕಳೆದ ಮಳೆಗಾಲ ಮುಗಿಯುವ ಹೊತ್ತಿನಲ್ಲಿ ನನ್ನ ಕಚೇರಿಗೆ ಹಿರಿಯರೊಬ್ಬರು ಬಂದರು. ಕುಂಬಳೆಯಿಂದ ಪೂರ್ವಕ್ಕೆ, ಬಸ್ಸಿಳಿದ ಮೇಲೆ ಗುಡ್ಡವೊಂದನ್ನು ಹತ್ತಿಳಿಯಬೇಕಾದ ಊರಿನವರು. ವಯಸ್ಸು 58. ದುಬೈಯ ಸರಕು ಸಾಗಣೆ ಕಂಪೆನಿಯೊಂದರಲ್ಲಿ 31 ವರ್ಷ ಲೆಕ್ಕಪತ್ರದ ಕೆಲಸ ಮಾಡಿ, ಪತ್ನಿಯ ಕಾಯಿಲೆಯ ನಿಮಿತ್ತ ಎರಡು ವರ್ಷಗಳ ಹಿಂದೆ ಊರಿಗೆ ಮರಳಿದವರು. ಪತ್ನಿ ಈಗಿಲ್ಲ. ಒಬ್ಬಳೇ ಮಗಳು ದುಬೈಯಲ್ಲಿ ಅಧ್ಯಾಪಿಕೆ. ಮೊಮ್ಮಗಳಿಗೆ ಆರು ವರ್ಷ. ದುಡಿಯುತ್ತಿದ್ದ ಕಾಲದಲ್ಲಿ ಅಲ್ಲೊಂದು ಸಣ್ಣ ಫ್ಲಾಟನ್ನು ಕಂತಿನ ಮೇಲೆ ಕೊಂಡು ಸಾಲ ತೀರಿಸಿದ್ದರು. ಉಳಿದ ದಿನಗಳನ್ನು ಆ ಮನೆಯಲ್ಲಿ, ಮಗಳ ಮನೆಯ ಹತ್ತಿರ ಕಳೆಯಬೇಕೆಂಬುದು ಅವರ ಬಯಕೆ. ಮಗಳ ಹೆಸರಿನಲ್ಲಿ ಹೆತ್ತವರ ವೀಸಾಕ್ಕೆ ಯತ್ನಿಸಬಹುದಲ್ಲವೇ ಎಂದು ಕೇಳಿದೆ. "ಅಳಿಯನ ಮನೆಯಲ್ಲಿ ಅತಿಥಿಯಾಗಿರುವುದು ಬೇಡ. ಇರುವುದಾದರೆ ನನ್ನ ಹೆಸರಿನಲ್ಲೇ ಇರಬೇಕು," ಎಂದರು.

ಅರ್ಜಿಯ ಕೆಲಸ ನೋಡುತ್ತಿದ್ದವರು ಊರಿನ ಪೊಲೀಸ್ ಕ್ಲಿಯರೆನ್ಸ್ ಸರ್ಟಿಫಿಕೇಟನ್ನೂ ತರಲು ಹೇಳಿದ್ದರು. ಅದಕ್ಕೆ ಅರ್ಜಿ ಹಾಕಿದಾಗ ಬಂದದ್ದು ಸರ್ಟಿಫಿಕೇಟಲ್ಲ, ಒಂದು ಪತ್ರ. ಪೊಲೀಸ್ ಪರಿಶೀಲನೆಯಲ್ಲಿ ತಮ್ಮ ಮೇಲೆ ಕ್ರಿಮಿನಲ್ ಪ್ರಕರಣವೊಂದು ಕಂಡುಬಂದಿದೆ, ವಿವರಣೆ ನೀಡಿರಿ ಎಂದಿತ್ತು. ನಾನು ಓದಿ ಮುಗಿಸಿ, ಇದು ಯಾವ ಪ್ರಕರಣ ಎಂದು ಕೇಳಿದೆ. ಅವರು ನನ್ನ ಮುಖವನ್ನು ಸ್ವಲ್ಪ ಹೊತ್ತು ನೋಡಿದರು.

"ನೀವೇ ನಡೆಸಿದ್ದಲ್ಲವೇ, ವಕೀಲರೇ?"

ಆ ಮೇಲೆ ಎಲ್ಲವೂ ನೆನಪಾಯಿತು. ಅವರ ಒಪ್ಪಿಗೆ ಪಡೆದು, ಗುರುತು ಹತ್ತದಷ್ಟು ಬದಲಿಸಿ, ಈ ವಾರ ಆ ಸಂಗತಿಯನ್ನು ಬರೆಯುತ್ತಿದ್ದೇನೆ. ನಮ್ಮ ಜಿಲ್ಲೆಯಲ್ಲಿ ಗಲ್ಫಿನ ನಂಟಿಲ್ಲದ ಮನೆ ಅಪರೂಪ. ದಾಯಾದಿಗಳ ಗಡಿ ತಕರಾರು ಇಲ್ಲದ ಮನೆ ಇನ್ನೂ ಅಪರೂಪ. ಆದ್ದರಿಂದ ಇದು ಒಬ್ಬರ ಕತೆಯಲ್ಲ.

2004ರ ಮಾರ್ಚ್ ತಿಂಗಳು. ನಾನು ಸನ್ನದು ಪಡೆದು ಎರಡು ವರ್ಷವೂ ತುಂಬಿರಲಿಲ್ಲ. ಅವರು ಎರಡು ತಿಂಗಳ ರಜೆಯಲ್ಲಿ ಊರಿಗೆ ಬಂದಿದ್ದರು. ಬೇಸಿಗೆಯಲ್ಲಿ ನಮ್ಮ ಕಡೆಯ ಜಗಳಗಳೆಲ್ಲ ನೀರಿನವೇ. ಅಜ್ಜನ ಕಾಲದಲ್ಲಿ ಮುರಕಲ್ಲಿನ ಗುಡ್ಡಕ್ಕೆ ಕೊರೆದ ಸುರಂಗದ ನೀರು ಎರಡು ಅಡಕೆ ತೋಟಗಳಿಗೆ ಪಾಳಿಯ ಮೇಲೆ ಹರಿಯುತ್ತಿತ್ತು. ಒಂದು ಸಂಜೆ ಪಾಳಿ ತಪ್ಪಿತು. ದೊಡ್ಡಪ್ಪನ ಮಗ ಕಣಿಯನ್ನು ತನ್ನತ್ತ ತಿರುಗಿಸುತ್ತಿದ್ದಾಗ ಇವರು ತಡೆದರು, ಮಾತು ಬೆಳೆಯಿತು, ಹಾರೆಯ ಹಿಡಿ ತಾಗಿ ಆತನ ಮುಂಗೈ ಬಾತುಕೊಂಡಿತು. ಆಸ್ಪತ್ರೆಯ ಚೀಟಿಯೊಂದಿಗೆ ಆತ ಠಾಣೆಗೆ ಹೋದ. ಭಾರತೀಯ ದಂಡ ಸಂಹಿತೆಯ 323 ಮತ್ತು 341ನೇ ಕಲಮುಗಳ ಪ್ರಕಾರ, ಅಂದರೆ ಸಾಮಾನ್ಯ ಗಾಯ ಮತ್ತು ಅಕ್ರಮ ತಡೆಯ ಪ್ರಕರಣ ದಾಖಲಾಯಿತು.

ರಜೆ ಮುಗಿಯಲು ನಾಲ್ಕು ದಿನ ಉಳಿದಿತ್ತು. ಪ್ರಕರಣ ಬಾಕಿ ಇದ್ದರೆ ಸಮನ್ಸು, ಅದಕ್ಕೆ ಹಾಜರಾಗದಿದ್ದರೆ ವಾರಂಟು, ಮುಂದಿನ ರಜೆಗೆ ಬರುವಾಗ ವಿಮಾನ ನಿಲ್ದಾಣದಲ್ಲೇ ತಡೆ. ಇದೆಲ್ಲ ಅವರ ಭಯ. ಆ ಭಯ ಸುಳ್ಳೇನೂ ಆಗಿರಲಿಲ್ಲ. ನಾನು ಸುಲಭದ ದಾರಿ ತೋರಿಸಿದೆ. "ತಪ್ಪೊಪ್ಪಿಕೊಳ್ಳಿ ಅಣ್ಣ, ದಂಡ ಕಟ್ಟಿ ಹೋಗಿ, ಅಲ್ಲಿಗೆ ಮುಗಿಯಿತು." ಆರೋಪದ ಸಾರಾಂಶವನ್ನು ಮಲಯಾಳದಲ್ಲಿ ಓದಿ ಹೇಳಿದರು. ಮನೆಯಲ್ಲಿ ಕನ್ನಡ, ಪೇಟೆಯಲ್ಲಿ ತುಳು ಆಡುವ ಅವರು ನನ್ನತ್ತ ನೋಡಿದರು, ನಾನು ತಲೆಯಾಡಿಸಿದೆ, ಅವರು "ಹೌದು" ಎಂದರು. 800 ರೂಪಾಯಿ ದಂಡ. ರಶೀದಿ ಕೈಗೆ ಬಂತು. ಹೊರಗೆ ಬಂದು ಚಹಾ ಕುಡಿದೆವು. ಮೂರನೆಯ ದಿನ ಅವರು ವಿಮಾನ ಹತ್ತಿದರು. ನನಗೆ ಆ ದಿನ ಕೆಲಸವೊಂದನ್ನು ಚೆನ್ನಾಗಿ ಮುಗಿಸಿದ ತೃಪ್ತಿಯೂ ಇತ್ತು.

ಮುಗಿದದ್ದು ಏನು, ಮುಗಿಯದೆ ಉಳಿದದ್ದು ಏನು ಎಂಬುದು ಇಂದಿನ ವಿಷಯ.

ಮೊದಲು ಹೊರದೇಶಗಳು ಏನು ಕೇಳುತ್ತವೆ ಎಂದು ನೋಡೋಣ. ದುಡಿಮೆ ಮುಗಿಸಿದವರು ತಮ್ಮ ಹಣದಲ್ಲಿ ತಮ್ಮಲ್ಲಿ ಬಂದು ನೆಲೆಸಲಿ ಎಂದು ಹಲವು ದೇಶಗಳು ನಿವೃತ್ತರಿಗಾಗಿಯೇ ವಾಸದ ಅನುಮತಿಯನ್ನು ಇರಿಸಿವೆ. ಅರಬ್ ಸಂಯುಕ್ತ ಸಂಸ್ಥಾನದ ಸಚಿವ ಸಂಪುಟ 2018ರಲ್ಲಿ ಇದಕ್ಕೆ ಒಪ್ಪಿಗೆ ನೀಡಿತು. ದುಬೈ 2020ರಲ್ಲಿ ಯೋಜನೆಯಾಗಿ ಆರಂಭಿಸಿತು. 55 ವರ್ಷ ತುಂಬಿದವರಿಗೆ ಐದು ವರ್ಷದ ವೀಸಾ, ಆಮೇಲೆ ನವೀಕರಣ. ಹತ್ತು ಲಕ್ಷ ದಿರ್ಹಂ ಬೆಲೆಯ ಸ್ಥಿರಾಸ್ತಿ, ಇಲ್ಲವೇ ಅಷ್ಟೇ ಉಳಿತಾಯ, ಇಲ್ಲವೇ ನಿಗದಿತ ಮಾಸಿಕ ಆದಾಯ ಇರಬೇಕು. ದುಬೈಯಲ್ಲಿ ಈ ಆದಾಯದ ಮಿತಿ 15,000 ದಿರ್ಹಂ. ಮಲೇಷ್ಯಾ 2002ರಿಂದ ಇಂಥದೊಂದು ಯೋಜನೆ ನಡೆಸುತ್ತಿದೆ. ಥಾಯ್ಲೆಂಡಿನ ದೀರ್ಘಾವಧಿ ವಾಸದ ವೀಸಾಕ್ಕೆ 50 ವರ್ಷ ಸಾಕು. ಬ್ಯಾಂಕಿನಲ್ಲಿ ಎಂಟು ಲಕ್ಷ ಬಾತ್ ಅಥವಾ ತಿಂಗಳಿಗೆ 65,000 ಬಾತ್ ಆದಾಯ ತೋರಿಸಬೇಕು. ಪೋರ್ಚುಗಲ್, ಸ್ಪೇನ್ ದೇಶಗಳು ಪಿಂಚಣಿ ಅಥವಾ ಬಾಡಿಗೆಯಂಥ ನಿಶ್ಚಿತ ಆದಾಯವುಳ್ಳವರಿಗೆ ಅನುಮತಿ ಕೊಡುತ್ತವೆ.

ಹಣದ ಲೆಕ್ಕ ಒಂದೊಂದು ದೇಶದಲ್ಲಿ ಒಂದೊಂದು ಬಗೆ. ಆದರೆ ಅರ್ಜಿದಾರನ ನಡತೆಯ ಪ್ರಶ್ನೆ ಒಂದಲ್ಲ ಒಂದು ರೂಪದಲ್ಲಿ ಎಲ್ಲೆಡೆಯೂ ಬರುತ್ತದೆ. ಥಾಯ್ಲೆಂಡ್ ಈ ವೀಸಾಕ್ಕೆ ತಾಯ್ನಾಡಿನ ಪೊಲೀಸ್ ಪ್ರಮಾಣಪತ್ರವನ್ನು ಕೇಳುತ್ತದೆ. ಸ್ಪೇನ್ ಹಿಂದಿನ ಐದು ವರ್ಷ ವಾಸವಿದ್ದ ದೇಶಗಳ ದಾಖಲೆಯನ್ನು ನೋಡುತ್ತದೆ. ಪೋರ್ಚುಗಲ್ಲಿನ ಕಾನೂನಿನ ಅಳತೆ ಇನ್ನೊಂದು ಬಗೆ: ಅರ್ಜಿದಾರನು ಮಾಡಿದ ಅಪರಾಧಕ್ಕೆ ಆ ದೇಶದ ಕಾನೂನಿನಲ್ಲಿ ಒಂದು ವರ್ಷಕ್ಕಿಂತ ಹೆಚ್ಚಿನ ಸೆರೆವಾಸವಿದೆಯೇ ಎಂಬುದು. ನಿಮಗೆ ಇಲ್ಲಿ ಎಷ್ಟು ದಂಡ ಬಿತ್ತು ಎಂಬುದಕ್ಕಿಂತ, ಅದೇ ಕೃತ್ಯವನ್ನು ಅವರ ಕಾನೂನು ಹೇಗೆ ಕಾಣುತ್ತದೆ ಎಂಬುದು ಅಲ್ಲಿ ಮುಖ್ಯ. ಇಂಥ ಕಡೆಗಳಲ್ಲಿ ಸಣ್ಣ, ಹಳೆಯ ದೋಷನಿರ್ಣಯವೊಂದು ಬಾಗಿಲನ್ನು ಮುಚ್ಚಿಯೇ ಬಿಡುತ್ತದೆ ಎಂದೇನೂ ಇಲ್ಲ. ಆದರೆ ಅದನ್ನು ವಿವರಿಸುವ ಹೊಣೆ ಅರ್ಜಿದಾರನದು.

ಇಲ್ಲೊಂದು ವಿವೇಕ ಬೇಕು. ವಿದೇಶಕ್ಕೆ ಹೊರಡುವ ಸ್ವಾತಂತ್ರ್ಯ ನಮ್ಮ ಸಂವಿಧಾನದ 21ನೇ ವಿಧಿಯಲ್ಲಿ ಅಡಕವಾಗಿದೆ ಎಂದು ಸರ್ವೋಚ್ಚ ನ್ಯಾಯಾಲಯ 1967ರ ಸತ್ವಂತ್ ಸಿಂಗ್ ಸಾಹ್ನಿ ಪ್ರಕರಣದಲ್ಲಿ ಹೇಳಿತು. 1978ರ ಮೇನಕಾ ಗಾಂಧಿ ಪ್ರಕರಣದಲ್ಲಿ ಅದನ್ನು ಇನ್ನಷ್ಟು ಗಟ್ಟಿಗೊಳಿಸಿತು. ಆದರೆ ಅದು ಹೊರಡುವ ಹಕ್ಕು ಮಾತ್ರ. ಒಳಹೊಗುವ ಅನುಮತಿ ಆ ದೇಶದ್ದು. ಅವರು ಬೇಡವೆಂದರೆ ಇಲ್ಲಿಯ ಯಾವ ನ್ಯಾಯಾಲಯದಲ್ಲೂ ದಾವೆ ಹೂಡುವಂತಿಲ್ಲ. ಆದ್ದರಿಂದ ನಾವು ಸರಿಪಡಿಸಿಕೊಳ್ಳಬೇಕಾದುದು ನಮ್ಮ ಕಡೆಯ ದಾಖಲೆಯನ್ನು.

ಆ ದಾಖಲೆಯ ಹೆಸರೇ ಪೊಲೀಸ್ ಕ್ಲಿಯರೆನ್ಸ್ ಸರ್ಟಿಫಿಕೇಟ್, ಅಂದರೆ ಪಿಸಿಸಿ. ಇದರ ಕುರಿತು ಗೊಂದಲ ಬಹಳ. ಕೇರಳ ಪೊಲೀಸರು ನೀಡುವ, ಅಪರಾಧಗಳಲ್ಲಿ ಭಾಗಿಯಾಗಿಲ್ಲ ಎಂಬ ಪ್ರಮಾಣಪತ್ರ ರಾಜ್ಯದೊಳಗಿನ ಉಪಯೋಗಕ್ಕೆ. ವಿದೇಶಕ್ಕೆ ಬೇಕಾದ ಪಿಸಿಸಿಯನ್ನು ನೀಡುವುದು ಪಾಸ್‌ಪೋರ್ಟ್ ಕಚೇರಿ. ನೀವು ಹೊರದೇಶದಲ್ಲಿದ್ದರೆ ಅಲ್ಲಿಯ ಭಾರತೀಯ ರಾಯಭಾರ ಅಥವಾ ಕಾನ್ಸುಲೇಟ್ ಕಚೇರಿ. ಉದ್ಯೋಗ, ವಾಸ, ದೀರ್ಘಾವಧಿ ವೀಸಾಗಳಿಗೆ ಇದು ಸಿಗುತ್ತದೆ. ಪ್ರವಾಸಿ ವೀಸಾಕ್ಕೆ ಇಲ್ಲ. ಅರ್ಜಿ ಸೇರಿದ ಮೇಲೆ ನಿಮ್ಮ ಠಾಣೆಗೆ ವಿಚಾರಣೆ ಬರಬಹುದು. ಠಾಣೆಯವರು ತಮ್ಮ ದಾಖಲೆ ನೋಡಿ ವರದಿ ಮಾಡುತ್ತಾರೆ. ಆ ವರದಿಯಲ್ಲಿ ನಿಮ್ಮ ಹೆಸರಿನ ಮುಂದೆ ಪ್ರಕರಣದ ಸಂಖ್ಯೆಯೊಂದಿದ್ದರೆ ನಿಮ್ಮ ಕೈಗೆ ಬರುವುದು ಪತ್ರ, ಪ್ರಮಾಣಪತ್ರವಲ್ಲ.

"ನಡುವೆ ಎರಡು ಸಲ ಪಾಸ್‌ಪೋರ್ಟ್ ನವೀಕರಿಸಿದೆ, ಆಗ ಏನೂ ಆಗಲಿಲ್ಲವಲ್ಲ?" ಎಂದು ನನ್ನ ಕಕ್ಷಿದಾರರು ಕೇಳಿದರು. ನ್ಯಾಯವಾದ ಪ್ರಶ್ನೆ. 1967ರ ಪಾಸ್‌ಪೋರ್ಟ್ ಕಾಯಿದೆಯ 6(2) ಕಲಮಿನ ಪ್ರಕಾರ ದೋಷನಿರ್ಣಯವು ಪಾಸ್‌ಪೋರ್ಟಿಗೆ ಅಡ್ಡಿಯಾಗಬೇಕಾದರೆ ಅದು ಅರ್ಜಿಯ ಹಿಂದಿನ ಐದು ವರ್ಷಗಳೊಳಗೆ ಆಗಿರಬೇಕು, ನೈತಿಕ ಅಧಃಪತನದ ಅಪರಾಧವಾಗಿರಬೇಕು, ಶಿಕ್ಷೆ ಎರಡು ವರ್ಷಕ್ಕೆ ಕಡಮೆಯಿಲ್ಲದ ಸೆರೆವಾಸವಾಗಿರಬೇಕು. 800 ರೂಪಾಯಿ ದಂಡ ಆ ಬಲೆಗೆ ಬೀಳುವುದಿಲ್ಲ. ಆದರೆ ಪಾಸ್‌ಪೋರ್ಟ್ ಹೊರಡುವ ಚೀಟಿ, ಪಿಸಿಸಿ ನಡತೆಯ ಚೀಟಿ. ಮೊದಲನೆಯದು ಸಿಕ್ಕಿತೆಂಬ ಕಾರಣಕ್ಕೆ ಎರಡನೆಯದು ಸಿಗಲೇಬೇಕೆಂದಿಲ್ಲ.

ಇನ್ನು ನನ್ನ ತಪ್ಪಿನ ವಿಚಾರ. ಅದೇ ಪ್ರಕರಣ, ಅದೇ ನ್ಯಾಯಾಲಯದಲ್ಲಿ, ಅದೇ ವಾರ, ನಾಲ್ಕು ಬಗೆಯಲ್ಲಿ ಮುಗಿಯಬಹುದಿತ್ತು. ಹೊರಗಿನಿಂದ ನೋಡಿದರೆ ನಾಲ್ಕೂ ಒಂದೇ. ಕಕ್ಷಿದಾರನು ಮನೆಗೆ ಹೋಗುತ್ತಾನೆ. ಕಾನೂನಿನ ಕಣ್ಣಿಗೆ ಅವು ಬೇರೆ ಬೇರೆ.

ಒಂದು, ವಿಚಾರಣೆ ನಡೆದು ಖುಲಾಸೆ. ಕಾಲ ಹಿಡಿಯುತ್ತದೆ, ಆದರೆ ಕಳಂಕವಿಲ್ಲ.

ಎರಡು, ರಾಜಿ. 323 ಮತ್ತು 341ನೇ ಕಲಮುಗಳ ಅಪರಾಧಗಳನ್ನು ಗಾಯಗೊಂಡವನು, ತಡೆಗೊಳಗಾದವನು ತಾನೇ ರಾಜಿ ಮಾಡಿಕೊಳ್ಳಬಹುದು; ನ್ಯಾಯಾಲಯದ ಅನುಮತಿಯೂ ಬೇಡ. ಆಗಿನ ದಂಡ ಪ್ರಕ್ರಿಯಾ ಸಂಹಿತೆಯ 320ನೇ ಕಲಮು ಒಂದು ಮಾತನ್ನು ಸ್ಪಷ್ಟವಾಗಿ ಹೇಳಿತ್ತು: ರಾಜಿಯ ಪರಿಣಾಮ ಖುಲಾಸೆ. 2024ರ ಜುಲೈ 1ರಿಂದ ಬಂದಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 359ನೇ ಕಲಮೂ ಅದನ್ನೇ ಹೇಳುತ್ತದೆ.

ಮೂರು, 1958ರ ಅಪರಾಧಿಗಳ ಪರಿವೀಕ್ಷಣಾ ಕಾಯಿದೆ, ನಾವು ಕೋರ್ಟಿನಲ್ಲಿ ಪ್ರೊಬೇಷನ್ ಎನ್ನುವುದು. ಹಿಂದೆ ಶಿಕ್ಷೆಯಾಗಿಲ್ಲದವನು ಎರಡು ವರ್ಷಕ್ಕೆ ಮೀರದ ಸೆರೆವಾಸವುಳ್ಳ ಅಪರಾಧ ಮಾಡಿದ್ದರೆ, ದಂಡಾಧಿಕಾರಿಯು ಎಚ್ಚರಿಕೆ ಹೇಳಿ ಬಿಟ್ಟುಬಿಡಬಹುದು. ಇದರ 12ನೇ ಕಲಮು ಬಹಳ ಬೆಲೆಯುಳ್ಳದ್ದು. ಹೀಗೆ ಬಿಡುಗಡೆಯಾದವನಿಗೆ ದೋಷನಿರ್ಣಯದಿಂದ ಬರುವ ಅನರ್ಹತೆ ಯಾವುದೂ ತಟ್ಟದು ಎಂದು ಅದು ಹೇಳುತ್ತದೆ. ತಪ್ಪೊಪ್ಪಿಕೊಂಡ ಮೇಲೂ ಕೇಳಬಹುದಾದ ಪರಿಹಾರ ಇದು. ನಾನು ಕೇಳಲಿಲ್ಲ.

ನಾಲ್ಕು, ತಪ್ಪೊಪ್ಪಿಗೆ ಮತ್ತು ದಂಡ. ಇದು ಮಾತ್ರ ಪೂರ್ಣ ದೋಷನಿರ್ಣಯ. ದಂಡದ ಮೊತ್ತ ಐದು ರೂಪಾಯಿಯಾದರೂ ಅಷ್ಟೇ. ಕೆಲವೊಮ್ಮೆ ದಂಡದ ಜೊತೆಗೆ ನ್ಯಾಯಾಲಯ ಏಳುವ ವರೆಗೆ ನಿಲ್ಲುವ ಶಿಕ್ಷೆಯನ್ನೂ ಕೊಡುತ್ತಾರೆ. ಸಂಜೆಯ ವರೆಗೆ ಬೆಂಚಿನ ಬಳಿ ನಿಂತು ಬಂದೆ ಎಂದು ಜನ ನಗುತ್ತ ಹೇಳುವುದುಂಟು. ಅದೂ ಸೆರೆವಾಸವೆಂದೇ ಲೆಕ್ಕ. ನೀವು ಎಂದಾದರೂ ಸೆರೆವಾಸದ ಶಿಕ್ಷೆಗೆ ಒಳಗಾಗಿದ್ದೀರಾ ಎಂದು ಹೊರದೇಶದ ಅರ್ಜಿ ಕೇಳಿದಾಗ ಆ ನಗು ನಿಲ್ಲುತ್ತದೆ.

ನಾಲ್ಕು ದಾರಿಗಳಲ್ಲಿ ಕೆಟ್ಟದ್ದನ್ನು ನಾನು ಆರಿಸಿದ್ದೆ. ಕಾರಣ ನೆನಪಿಸಿಕೊಂಡರೆ ನಾಚಿಕೆಯಾಗುತ್ತದೆ. ರಾಜಿಗೆ ದೊಡ್ಡಪ್ಪನ ಮಗನ ಮನೆಗೆ ಹೋಗಬೇಕಿತ್ತು. ಆ ಮನೆ ಇವರ ಮನೆಯಿಂದ ಮೂರು ಫರ್ಲಾಂಗು. "ಅವನ ಮೆಟ್ಟಿಲು ಹತ್ತಲಾರೆ" ಎಂದು ಇವರು ಹೇಳಿದ್ದರು. ಆ ಮಾತನ್ನು ಎರಡನೆಯ ಬಾರಿ ಕೇಳಿ ನೋಡುವ ತಾಳ್ಮೆ ನನಗಿರಲಿಲ್ಲ. ಅವರು ಹತ್ತದಿದ್ದರೆ ನಾನಾದರೂ ಹತ್ತಬಹುದಿತ್ತು. ವಕೀಲನಿಗೆ ಕಾಲುಗಳಿರುವುದು ಕೋರ್ಟಿನ ವರಾಂಡದಲ್ಲಿ ಓಡಾಡುವುದಕ್ಕೆ ಮಾತ್ರವಲ್ಲ.

ನಮ್ಮ ದೇಶದ ಕಾನೂನಿನ ಒಂದು ಕೊರತೆಯನ್ನೂ ಇಲ್ಲಿ ಹೇಳಬೇಕು. ಹಳೆಯ ಸಣ್ಣ ತಪ್ಪನ್ನು ಮರೆಯುವ ಏರ್ಪಾಡು ಹಲವು ದೇಶಗಳಲ್ಲಿದೆ. ಬ್ರಿಟನ್ನಿನಲ್ಲಿ 1974ರ ಕಾಯಿದೆಯ ಪ್ರಕಾರ ವಯಸ್ಕನಿಗೆ ಬಿದ್ದ ದಂಡ ಒಂದು ವರ್ಷದ ಬಳಿಕ ಹೆಚ್ಚಿನ ವ್ಯವಹಾರಗಳಿಗೆ ಮುಗಿದ ಸಂಗತಿ. ವಲಸೆಯ ಅರ್ಜಿಯಂಥ ಕೆಲವು ಮಾತ್ರ ಅಪವಾದ. ಅರಬ್ ದೇಶಗಳ ಕಾನೂನಿನಲ್ಲಿ ರದ್ದ್ ಅಲ್ ಇತಿಬಾರ್ ಎಂಬ ಮಾತಿದೆ. ಕಳೆದ ಮಾನವನ್ನು ಮರಳಿಸುವುದು ಎಂದು ಅರ್ಥ. ಸಂಯುಕ್ತ ಸಂಸ್ಥಾನದಲ್ಲಿ 1992ರಲ್ಲಿಯೇ ಇದಕ್ಕಾಗಿ ಫೆಡರಲ್ ಕಾನೂನೊಂದು ಬಂದಿತು. ನಮ್ಮಲ್ಲಿ ಬಾಲಾಪರಾಧಿಗಳಿಗೆ 2015ರ ಬಾಲನ್ಯಾಯ ಕಾಯಿದೆಯ 24ನೇ ಕಲಮಿನಲ್ಲಿ ಇಂಥ ರಕ್ಷಣೆಯುಂಟು. ಪ್ರೊಬೇಷನ್ ಪಡೆದವರಿಗೆ ಉಂಟು. ಉಳಿದ ಸಾಮಾನ್ಯ ಜನರಿಗೆ ಇಂತಿಷ್ಟು ವರ್ಷದ ಮೇಲೆ ಅಳಿಯಿತು ಎನ್ನುವ ಕಾಯಿದೆ ಇಲ್ಲ. ಇವರು ನೆಲೆಸಲು ಬಯಸುವ ದೇಶದಲ್ಲಿ ಮಾನ ಮರಳಿಸುವ ಕಾನೂನಿದೆ. ಹುಟ್ಟಿದ ದೇಶದಲ್ಲಿ ಇಲ್ಲ.

ಮರೆಯುವ ಕಾನೂನಿಲ್ಲ ಎಂದೆ. ಆದರೆ ಕಾಗದ ಮರೆಯುತ್ತದೆ. ಹಳೆಯ ತೀರ್ಪಿನ ದೃಢೀಕೃತ ನಕಲಿಗೆ ಅರ್ಜಿ ಹಾಕಿದಾಗ ಕಡತ ನಾಶವಾಗಿತ್ತು. ಸಣ್ಣ ಪ್ರಕರಣಗಳ ಕಡತಗಳನ್ನು ನಿಯಮಾನುಸಾರ ನಿರ್ದಿಷ್ಟ ವರ್ಷಗಳ ಬಳಿಕ ನಾಶಮಾಡುತ್ತಾರೆ. ಅದರಲ್ಲಿ ಯಾರ ತಪ್ಪೂ ಇಲ್ಲ. ಹೀಗೆ ಎಷ್ಟು ಸಣ್ಣ ಪ್ರಕರಣವೆಂದು ತೋರಿಸಬಲ್ಲ ಕಾಗದ ಇಲ್ಲವಾಗಿತ್ತು; ಪ್ರಕರಣವಿತ್ತು ಎಂಬ ಒಂದು ಸಾಲು ಮಾತ್ರ ಠಾಣೆಯ ಪುಸ್ತಕದಲ್ಲಿ ಉಳಿದಿತ್ತು. ಆಗ ನೆರವಿಗೆ ಬಂದದ್ದು ತೀರಿಹೋದ ಆ ತಾಯಿ. ಮಗಳ ಮಾರ್ಕ್ ಪಟ್ಟಿ, ತೆರಿಗೆ ರಶೀದಿಗಳ ಜೊತೆ ಬಿಸ್ಕತ್ತಿನ ತಗಡಿನ ಡಬ್ಬದಲ್ಲಿ 800 ರೂಪಾಯಿಯ ಆ ರಶೀದಿಯನ್ನೂ ಅವರು ಇಟ್ಟಿದ್ದರು. ಪ್ರಕರಣದ ಸಂಖ್ಯೆ, ಕಲಮು, ದಿನಾಂಕ ಎಲ್ಲ ಅದರಲ್ಲಿತ್ತು. ಅದರ ಆಧಾರದಿಂದ ನ್ಯಾಯಾಲಯದ ರಿಜಿಸ್ಟರಿನಲ್ಲಿ ಪ್ರಕರಣ ಮುಕ್ತಾಯವಾದ ನಮೂದನ್ನು ಹುಡುಕಿಸಿ ನಕಲು ಪಡೆದೆವು. ಕಡತ ಲಭ್ಯವಿಲ್ಲ ಎಂಬುದಕ್ಕೂ ಬರಹದಲ್ಲಿ ಉತ್ತರ ಪಡೆದೆವು. ಇಲ್ಲದ ಕಾಗದ ಇಲ್ಲವೆಂಬುದಕ್ಕೂ ಕಾಗದ ಬೇಕು.

ಪಾಸ್‌ಪೋರ್ಟ್ ಕಚೇರಿಗೆ ಬರೆದ ವಿವರಣೆಯಲ್ಲಿ ಏನನ್ನೂ ಮುಚ್ಚಿಡಲಿಲ್ಲ. ಪ್ರಕರಣ ಇತ್ತು, ತಪ್ಪೊಪ್ಪಿಕೊಂಡು ದಂಡ ಕಟ್ಟಿದೆ, ಸೆರೆವಾಸ ಆಗಿಲ್ಲ, 21 ವರ್ಷಗಳಲ್ಲಿ ಬೇರೊಂದು ಪ್ರಕರಣವಿಲ್ಲ, ಕಾಯಿದೆಯ 6(2) ಕಲಮಿನ ಯಾವ ಉಪಕಲಮೂ ಇದಕ್ಕೆ ತಗಲುವುದಿಲ್ಲ. ಇಷ್ಟೇ. ವೀಸಾದ ಅರ್ಜಿಯ ಜೊತೆಗೂ ಇದೇ ಕಾಗದಗಳನ್ನು ಸೇರಿಸಲು ಹೇಳಿದೆ.

ಇಲ್ಲಿ ಕೆಲವರು ಬೇರೆ ಸಲಹೆ ಕೊಡುತ್ತಾರೆ. ಪ್ರಶ್ನೆಯ ಮುಂದೆ "ಇಲ್ಲ" ಎಂದು ಗುರುತು ಹಾಕಿ, ಯಾರು ನೋಡುತ್ತಾರೆ ಎನ್ನುವ ಏಜೆಂಟರಿದ್ದಾರೆ. ಪಾಸ್‌ಪೋರ್ಟಿಗಾಗಿ ಸುಳ್ಳು ಮಾಹಿತಿ ಕೊಡುವುದು, ಮುಖ್ಯ ಸಂಗತಿಯನ್ನು ಮರೆಮಾಚುವುದು ಅದೇ ಕಾಯಿದೆಯ 12ನೇ ಕಲಮಿನ ಪ್ರಕಾರ ಎರಡು ವರ್ಷದ ವರೆಗೆ ಸೆರೆವಾಸವುಳ್ಳ ಅಪರಾಧ. ಹೊರದೇಶದ ಅರ್ಜಿಯಲ್ಲಿ ಹೇಳಿದ ಸುಳ್ಳಿಗೆ ಅಲ್ಲಿಯ ಕಾನೂನು ಬೇರೆ. ಹಳೆಯ ಜಗಳವನ್ನು ಕ್ಷಮಿಸಬಲ್ಲ ಅಧಿಕಾರಿ ಹೊಸ ಸುಳ್ಳನ್ನು ಕ್ಷಮಿಸುವುದಿಲ್ಲ. ಪ್ರಶ್ನೆಯನ್ನು ಪದಪದವಾಗಿ ಓದಿರಿ. ಕೆಲವು ದೇಶಗಳು ಶಿಕ್ಷೆಯಾಗಿದೆಯೇ ಎಂದು ಮಾತ್ರ ಕೇಳುತ್ತವೆ. ಅಲ್ಲಿ ರಾಜಿಯಾದವನು ಇಲ್ಲವೆನ್ನಬಹುದು. ಅಮೆರಿಕದ ವೀಸಾ ಅರ್ಜಿ ಎಂದಾದರೂ ಬಂಧನಕ್ಕೊಳಗಾಗಿದ್ದೀರಾ ಎಂದೂ ಕೇಳುತ್ತದೆ. ಅಲ್ಲಿ ಖುಲಾಸೆಯಾದವನೂ ಬಂಧನವಾಗಿದ್ದರೆ ಹೌದೆನ್ನಬೇಕು, ಖುಲಾಸೆಯ ಪ್ರತಿಯನ್ನು ಕೈಯಲ್ಲಿಟ್ಟುಕೊಳ್ಳಬೇಕು.

ಪ್ರಕರಣ ಇನ್ನೂ ಬಾಕಿ ಇರುವವರ ದಾರಿ ಬೇರೆ. ಪಾಸ್‌ಪೋರ್ಟಿಗೆ ಅಡ್ಡಿಯಾಗುವುದು ಹೆಚ್ಚಾಗಿ ಇದೇ. ವಿದೇಶಾಂಗ ಸಚಿವಾಲಯದ 1993ರ ಆಗಸ್ಟ್ 25ರ ಅಧಿಸೂಚನೆಯ ಪ್ರಕಾರ, ವಿಚಾರಣೆ ನಡೆಸುತ್ತಿರುವ ನ್ಯಾಯಾಲಯ ಅನುಮತಿ ನೀಡಿದರೆ ಪಾಸ್‌ಪೋರ್ಟ್ ಸಿಗುತ್ತದೆ. ನ್ಯಾಯಾಲಯ ಅವಧಿಯನ್ನು ಹೇಳದಿದ್ದರೆ ಅದು ಒಂದೇ ವರ್ಷದ್ದು. ಆದ್ದರಿಂದ ಅರ್ಜಿಯಲ್ಲಿಯೇ ವರ್ಷಗಳನ್ನು ಕೇಳಿರಿ. ಇನ್ನು, ಹಲವು ವರ್ಷ ಹಾಜರಾಗದ ಆರೋಪಿಗಳ ಪ್ರಕರಣಗಳು ನಮ್ಮ ನ್ಯಾಯಾಲಯಗಳಲ್ಲಿ ಎಲ್‌ಪಿ, ಅಂದರೆ ದೀರ್ಘಕಾಲ ಬಾಕಿ ಎಂಬ ರಿಜಿಸ್ಟರಿಗೆ ಹೋಗುತ್ತವೆ. ಅಲ್ಲಿ ಅವು ಸಾಯುವುದಿಲ್ಲ, ನಿದ್ರಿಸುತ್ತವೆ. ನೀವು ಊರಿಗೆ ಬಂದಾಗ ಎಚ್ಚರವಾಗುತ್ತವೆ. ನಿವೃತ್ತಿಯ ಯೋಚನೆ ಬರುವ ಮೊದಲೇ, ಊರಿನಲ್ಲಿರುವಾಗ, ವಕೀಲರಿಂದ ಹುಡುಕಿಸಿ ಹಾಜರಾಗಿ ಮುಗಿಸಿಕೊಳ್ಳುವುದು ಲೇಸು. ಚೆಕ್ಕಿನ ಪ್ರಕರಣಗಳೂ ಕ್ರಿಮಿನಲ್ ಪ್ರಕರಣಗಳೇ ಎಂಬುದು ನೆನಪಿರಲಿ. ಅವನ್ನೂ ರಾಜಿ ಮಾಡಿಕೊಳ್ಳಬಹುದು.

ಮತ್ತೊಂದು ಮಾತು, ನಮ್ಮ ಭಾಷೆಯವರಿಗೆ. ಆರೋಪಿಯು ತಪ್ಪೊಪ್ಪಿಕೊಂಡರೆ ದಂಡಾಧಿಕಾರಿಯು ಅದನ್ನು ಸಾಧ್ಯವಾದಷ್ಟು ಆರೋಪಿಯ ಮಾತಿನಲ್ಲಿಯೇ ಬರೆದುಕೊಳ್ಳಬೇಕು ಎಂದು ಕಾನೂನು ಹೇಳುತ್ತದೆ. ಆರೋಪಿಗೆ ತಿಳಿಯದ ಭಾಷೆಯಲ್ಲಿ ಕೇಳಿದ ಪ್ರಶ್ನೆಗೆ ಬಂದ "ಹೌದು" ಎಂಬುದು ಆತನ ಮಾತಲ್ಲ, ಪಕ್ಕದಲ್ಲಿ ತಲೆಯಾಡಿಸಿದವನ ಮಾತು. ಅರ್ಥವಾಗದಿದ್ದರೆ ಕನ್ನಡದಲ್ಲಿ ತಿಳಿಸಿರೆಂದು ಧೈರ್ಯವಾಗಿ ಕೇಳಿರಿ. ಅದು ಉದ್ಧಟತನವಲ್ಲ.

ವಿವರಣೆ ಕಳುಹಿಸಿದ ಮೇಲೆ ಇನ್ನೊಂದು ಕೆಲಸ ಉಳಿದಿತ್ತು. ತಪ್ಪೊಪ್ಪಿಗೆಯ ಮೇಲಾದ ದೋಷನಿರ್ಣಯಕ್ಕೆ ಮೇಲ್ಮನವಿಯಿಲ್ಲ. ಶಿಕ್ಷೆಯ ಪ್ರಮಾಣ, ಕಾನೂನುಬದ್ಧತೆಗಳ ಮಟ್ಟಿಗೆ ಮಾತ್ರ ಪ್ರಶ್ನಿಸಬಹುದು. ಪುನರ್ವಿಮರ್ಶೆಯ ಅರ್ಜಿಗೆ 90 ದಿನಗಳ ಗಡುವು. ಉಳಿದದ್ದು ಹೈಕೋರ್ಟಿನ ಸ್ವಾಭಾವಿಕ ಅಧಿಕಾರ. ಖಾಸಗಿ ಸ್ವರೂಪದ, ಘೋರವಲ್ಲದ ಅಪರಾಧಗಳಲ್ಲಿ ಕಕ್ಷಿಗಳು ಮನಃಪೂರ್ವಕ ರಾಜಿಯಾಗಿದ್ದರೆ, ದೋಷನಿರ್ಣಯದ ಬಳಿಕವೂ ಹೈಕೋರ್ಟು ಈ ಅಧಿಕಾರವನ್ನು ಎಚ್ಚರದಿಂದ ಬಳಸಬಹುದೆಂದು ಸರ್ವೋಚ್ಚ ನ್ಯಾಯಾಲಯ 2021ರಲ್ಲಿ ರಾಮ್‌ಗೋಪಾಲ್ ಪ್ರಕರಣದಲ್ಲಿ ಹೇಳಿದೆ. 21 ವರ್ಷ ಹಳೆಯ ದೋಷನಿರ್ಣಯಕ್ಕೆ ಈ ಬಾಗಿಲು ತೆರೆಯುತ್ತದೆಂದು ನಾನು ಅವರಿಗೆ ಮಾತು ಕೊಡಲಿಲ್ಲ. ತಟ್ಟಬೇಕಾದರೂ ಮೊದಲು ಬೇಕಾದುದು ದೊಡ್ಡಪ್ಪನ ಮಗನ ಸಹಿ.

ಈ ಸಲ ನಾವಿಬ್ಬರೂ ಹೋದೆವು. ಸುರಂಗದ ನೀರು ಈಗ ಯಾರಿಗೂ ಬೇಡ. ಎರಡೂ ತೋಟಗಳಲ್ಲಿ ಕೊಳವೆಬಾವಿಗಳಿವೆ. ಆತನಿಗೆ 66 ವರ್ಷ, ಮಂಡಿ ನೋವು. ಜಗಲಿಯಲ್ಲಿ ಕುಳ್ಳಿರಿಸಿ, ಬೆಲ್ಲ ಮತ್ತು ನೀರು ಕೊಟ್ಟರು. ನಾನು ವಿಷಯ ಹೇಳಿದೆ. ಆತ ಕಾಗದ ಓದದೆಯೇ ಸಹಿಗೆ ಪೆನ್ನು ಕೇಳಿದರು. ನಾನು ತಡೆದು, ಕನ್ನಡದಲ್ಲಿ ಪೂರ್ತಿ ಓದಿ ಹೇಳಿದೆ. ಕೇಳಿ ಮುಗಿಸಿ, "ಅಂದು ಯಾರೂ ಬರಲಿಲ್ಲ. ಬಂದಿದ್ದರೆ ನಾನೇನೂ ಬೇಡವೆನ್ನುತ್ತಿರಲಿಲ್ಲ," ಎಂದರು. ಅದು ನನ್ನ ಕಕ್ಷಿದಾರರಿಗೆ ಹೇಳಿದ್ದೋ ನನಗೆ ಹೇಳಿದ್ದೋ ಗೊತ್ತಿಲ್ಲ. ನಾವಿಬ್ಬರೂ ತಲೆ ತಗ್ಗಿಸಿ ಕೇಳಿಸಿಕೊಂಡೆವು.

ಇದನ್ನು ಬರೆಯುವ ಹೊತ್ತಿಗೆ ಪಾಸ್‌ಪೋರ್ಟ್ ಕಚೇರಿಯಿಂದ ಉತ್ತರ ಬಂದಿಲ್ಲ. ಹೈಕೋರ್ಟಿನ ಅರ್ಜಿ ಸಿದ್ಧವಾಗುತ್ತಿದೆ. ಈ ಕೆಲಸಕ್ಕೆ ನಾನು ಶುಲ್ಕ ಪಡೆಯುತ್ತಿಲ್ಲ. ಮೊಮ್ಮಗಳು ಪ್ರತಿ ಶುಕ್ರವಾರ ಫೋನಿನಲ್ಲಿ ಯಾವಾಗ ಬರುತ್ತೀರಿ ಎಂದು ಕೇಳುತ್ತಾಳಂತೆ. "ವಕೀಲರು ಹೇಳಬೇಕು" ಎಂದು ಅವರು ಉತ್ತರ ಕೊಡುತ್ತಾರಂತೆ.

ಮೊನ್ನೆ ನ್ಯಾಯಾಲಯದ ಹೊರಗೆ ಒಬ್ಬ ಯುವಕ ಸಿಕ್ಕಿದ. ಮದುವೆ ಮನೆಯ ಜಗಳ, 323ರ ಜಾಗದಲ್ಲಿ ಈಗಿನ ಭಾರತೀಯ ನ್ಯಾಯ ಸಂಹಿತೆಯ 115(2). ಅಬುಧಾಬಿಗೆ ಹೊರಡುವ ವಿಮಾನಕ್ಕೆ ಐದು ದಿನ ಉಳಿದಿತ್ತು. "ದಂಡ ಕಟ್ಟಿ ಮುಗಿಸಿಬಿಡಿ ವಕೀಲರೇ" ಎಂದ. ಟಿಕೇಟು ಮುಂದೂಡು ಎಂದೆ. ಮುಂದೂಡಲು ತಗಲುವ ಹಣದ ಲೆಕ್ಕ ಹೇಳಿ ಸಿಟ್ಟಾದ. ನಾನು ಬಿಡಲಿಲ್ಲ. ಆ ಸಂಜೆಯೇ ದೂರುದಾರನ ಮನೆಗೆ ಹೋದೆವು. ಹನ್ನೊಂದನೆಯ ದಿನ ರಾಜಿ ದಾಖಲಾಯಿತು. ಆದೇಶದ ದೃಢೀಕೃತ ನಕಲುಗಳನ್ನು ಮೂರು ಪ್ರತಿ ತೆಗೆದು ಅವನ ಕೈಗೆ ಕೊಟ್ಟೆ. ಒಂದನ್ನು ತಾಯಿಯ ಕೈಯಲ್ಲಿ ಇಡು ಎಂದೆ. ಇನ್ನೂ ಇಪ್ಪತ್ತಾರರ ಹುಡುಗ. ಯಾಕೆಂದು ಅವನಿಗೆ ಅರ್ಥವಾದಂತೆ ಕಾಣಲಿಲ್ಲ.